ಪ್ರೈಮರಿ ಐಡಿಯಲ್‌ನ ಹಿಲ್ಬರ್ಟ್ ಫಂಕ್ಷನ್: ಚೌಕುಳಿ ಹಾಳೆಯಿಂದ ಮಲ್ಟಿಪ್ಲಿಸಿಟಿಯವರೆಗೆ

ಬಳ್ಳಾರಿಯಲ್ಲಿ ನನ್ನ ಭಾನುವಾರದ ತರಗತಿಗೆ ಬರುವ ಎಂ.ಎಸ್ಸಿ. ವಿದ್ಯಾರ್ಥಿಗಳೂ, ಸಿಂಧನೂರು, ಗಂಗಾವತಿ, ಸಿರುಗುಪ್ಪದ ಕಡೆಯಿಂದ ಫೋನು ಮಾಡುವವರೂ ಪ್ರತಿವರ್ಷ ತಪ್ಪದೆ ಕೇಳುವ ಪ್ರಶ್ನೆ ಒಂದೇ: “ಸರ್, ಪ್ರಮೇಯ ಬಾಯಿಪಾಠ ಬರ್ತದ, ಆದ್ರ ಒಂದು ಐಡಿಯಲ್ ಕೊಟ್ಟು ಅದರ ಹಿಲ್ಬರ್ಟ್ ಫಂಕ್ಷನ್ ಬರಿ ಅಂದ್ರ ಕೈ ಓಡೋದಿಲ್ಲ. ಎಲ್ಲಿಂದ ಶುರು ಮಾಡ್ಬೇಕು?” ಐಡಿಯಲ್‌ನ ಘಾತ ಒಂದೊಂದಾಗಿ ಏರಿದಂತೆ ಕೋಶಂಟ್‌ನ ಗಾತ್ರ ಎಷ್ಟೆಷ್ಟು ಬೆಳೆಯುತ್ತದೆಂಬ ಎಣಿಕೆಯೇ ಹಿಲ್ಬರ್ಟ್ ಫಂಕ್ಷನ್; ಆ ಬೆಳವಣಿಗೆಯನ್ನು ಒಂದೇ ಸಂಖ್ಯೆಯಲ್ಲಿ ಹೇಳುವುದು ಮಲ್ಟಿಪ್ಲಿಸಿಟಿ. ಪ್ರಮೇಯದ ಸಾಧನೆಯನ್ನು ಯಾವ ಪಠ್ಯಪುಸ್ತಕದಲ್ಲಾದರೂ ಓದಿಕೊಳ್ಳಬಹುದು, ಆದ್ದರಿಂದ ಇಲ್ಲಿ ಸಾಧನೆಗಳನ್ನು ಬಿಟ್ಟು, ಲೆಕ್ಕವನ್ನು ಮಾತ್ರ ಹಂತಹಂತವಾಗಿ ಮಾಡಿ ತೋರಿಸುತ್ತೇನೆ. ಪ್ರತಿ ಹಂತದಲ್ಲಿಯೂ ಜನ ಎಡವುವ ಜಾಗ ಯಾವುದೆಂಬುದನ್ನು ಅಲ್ಲಲ್ಲೇ ಹೇಳುತ್ತೇನೆ.

ಬೇಕಾಗುವ ಸಾಮಗ್ರಿ

ರಿಂಗ್, ಐಡಿಯಲ್, ಕೋಶಂಟ್ ರಿಂಗ್ ಎಂದರೇನೆಂದು ನಿಮಗೆ ತಿಳಿದಿರಬೇಕು. ಅದಕ್ಕಿಂತ ಹೆಚ್ಚಿನ ತಯಾರಿ ಬೇಡ. ಚಿಕ್ಕ ಮಕ್ಕಳು ಲೆಕ್ಕ ಬರೆಯುವ ಚೌಕುಳಿ ಹಾಳೆಯ ನೋಟ್‌ಬುಕ್ ಒಂದನ್ನು, ಪೆನ್ಸಿಲ್ ಮತ್ತು ರಬ್ಬರಿನೊಂದಿಗೆ, ಹತ್ತಿರ ಇಟ್ಟುಕೊಳ್ಳಿ. ಇದನ್ನು ತಮಾಷೆಗೆ ಹೇಳುತ್ತಿಲ್ಲ, ಅರ್ಧ ಕೆಲಸ ಅದರ ಮೇಲೆಯೇ ನಡೆಯುತ್ತದೆ.

ಅಕ್ಷರಗಳ ಬಗ್ಗೆ ಒಂದು ಮಾತು. ರಿಂಗನ್ನು ರ, ಅದರ ಮ್ಯಾಕ್ಸಿಮಲ್ ಐಡಿಯಲ್ಲನ್ನು ಮ, ನಾವು ಲೆಕ್ಕಕ್ಕೆ ತೆಗೆದುಕೊಳ್ಳುವ ಪ್ರೈಮರಿ ಐಡಿಯಲ್ಲನ್ನು ಪ ಎಂದು ಕರೆಯುತ್ತೇನೆ. ನಿಮ್ಮ ಪುಸ್ತಕದ ಎಕ್ಸ್ ಮತ್ತು ವೈ ಇಲ್ಲಿ ಯ ಮತ್ತು ವ ಆಗುತ್ತವೆ. ಎನ್ ಎಂಬ ಸ್ವಾಭಾವಿಕ ಸಂಖ್ಯೆ ನ ಆಗುತ್ತದೆ. ಪ^ನ ಎಂದರೆ ಪ ಐಡಿಯಲ್‌ನ ನ-ನೆಯ ಘಾತ.

ಇನ್ನು ಪದಗಳು. ಇಡೀ ರಿಂಗಿಗೆ ಸಮನಲ್ಲದ, ಆದರೆ ತನಗೂ ಇಡೀ ರಿಂಗಿಗೂ ನಡುವೆ ಬೇರೆ ಐಡಿಯಲ್‌ಗೆ ಜಾಗ ಬಿಡದ ಐಡಿಯಲ್ ಮ್ಯಾಕ್ಸಿಮಲ್. ಒಂದೇ ಒಂದು ಮ್ಯಾಕ್ಸಿಮಲ್ ಐಡಿಯಲ್ ಇರುವ ರಿಂಗ್ ಲೋಕಲ್ ರಿಂಗ್. ಅದರಲ್ಲಿ ಮ ಐಡಿಯಲ್‌ನ ಹೊರಗಿರುವ ಪ್ರತಿಯೊಂದು ಅಂಶಕ್ಕೂ ಗುಣಾಕಾರದ ವಿಲೋಮ ಇರುತ್ತದೆ. ಈ ಲೇಖನದ ರಿಂಗುಗಳೆಲ್ಲವೂ ನೋಥೇರಿಯನ್, ಎಂದರೆ ಪ್ರತಿ ಐಡಿಯಲ್‌ಗೂ ಸೀಮಿತ ಸಂಖ್ಯೆಯ ಜನಕಗಳು (ಐಡಿಯಲ್ಲನ್ನು ಹುಟ್ಟಿಸುವ ಅಂಶಗಳು, ಜನರೇಟರ್) ಸಾಕು; ಅವನ್ನು ಆವರಣದೊಳಗೆ ಬರೆದು ಐಡಿಯಲ್ಲನ್ನು ಸೂಚಿಸುತ್ತೇವೆ. ಎರಡು ಅಂಶಗಳ ಗುಣಲಬ್ಧ ಐಡಿಯಲ್‌ನ ಒಳಗಿದ್ದು, ಮೊದಲನೆಯದು ಒಳಗಿಲ್ಲದಿದ್ದರೆ, ಎರಡನೆಯದರ ಯಾವುದಾದರೊಂದು ಘಾತವಾದರೂ ಒಳಗಿರಲೇಬೇಕು ಎಂಬ ಗುಣವುಳ್ಳ, ಇಡೀ ರಿಂಗಿಗೆ ಸಮನಲ್ಲದ ಐಡಿಯಲ್ ಪ್ರೈಮರಿ ಐಡಿಯಲ್. ಬಹುಪದೋಕ್ತಿ ರಿಂಗುಗಳಲ್ಲಿ ಐಡಿಯಲ್ಲುಗಳನ್ನು ಹೀಗೆ ಪ್ರೈಮರಿ ತುಂಡುಗಳಾಗಿ ಒಡೆಯಬಹುದೆಂದು 1905ರಲ್ಲಿ ತೋರಿಸಿದವನು ಎಮಾನ್ಯುಯೆಲ್ ಲಾಸ್ಕರ್. 1894ರಿಂದ 1921ರವರೆಗೆ ಚದುರಂಗದ ವಿಶ್ವ ಚಾಂಪಿಯನ್ ಆಗಿದ್ದವನೂ ಅವನೇ. ಅವನು ಆ ಪಟ್ಟ ಕಳೆದುಕೊಂಡ 1921ರಲ್ಲಿಯೇ ಎಮ್ಮಿ ನೋಥರ್ ಅದೇ ಪ್ರಮೇಯವನ್ನು ನಾವು ಇಂದು ಬಳಸುವ ಸಾಮಾನ್ಯ ರೂಪಕ್ಕೆ ತಂದರು.

1. ಕೊಟ್ಟ ಐಡಿಯಲ್ ನಿಜಕ್ಕೂ ಮ-ಪ್ರೈಮರಿ ಹೌದೇ ಎಂದು ನೋಡಿ

ನಮಗೆ ಬೇಕಾದದ್ದು ಬರಿಯ ಪ್ರೈಮರಿ ಅಲ್ಲ, ಮ-ಪ್ರೈಮರಿ; ಎಂದರೆ ಮ ಐಡಿಯಲ್‌ನ ಯಾವುದಾದರೊಂದು ಘಾತ ಪ ಒಳಗೆ ಪೂರ್ತಿಯಾಗಿ ಅಡಗಿರಬೇಕು. ಹಾಗಿದ್ದರೆ ಮಾತ್ರ ರ/ಪ ಎಂಬ ಕೋಶಂಟ್ ಸೀಮಿತ ಗಾತ್ರದ್ದಾಗಿ, ಎಣಿಕೆಗೆ ಸಿಗುತ್ತದೆ. ರ ಎಂಬುದು ಯ, ವ ಎರಡು ಚರಾಕ್ಷರಗಳ ಘಾತಶ್ರೇಣಿಗಳ ರಿಂಗ್ ಆಗಿದ್ದು, ಐಡಿಯಲ್‌ನ ಜನಕಗಳು ಏಕಪದಗಳಾಗಿದ್ದರೆ ಪರೀಕ್ಷೆ ಒಂದು ಕ್ಷಣದ ಕೆಲಸ: ಯ-ಯ ಶುದ್ಧ ಘಾತವೊಂದು, ವ-ದ ಶುದ್ಧ ಘಾತವೊಂದು ಜನಕಗಳಲ್ಲಿ ಇರಲೇಬೇಕು. (ಯ³, ಯವ, ವ³) ಪಾಸು. (ಯ², ಯವ) ನಪಾಸು. ವ-ದ ಯಾವ ಘಾತವೂ ಅದರಲ್ಲಿಲ್ಲ, ಹಾಗಾಗಿ 1, ವ, ವ², ವ³ ಎಂದು ಕೊನೆಯಿಲ್ಲದಷ್ಟು ಏಕಪದಗಳು ಹೊರಗೆ ಉಳಿಯುತ್ತವೆ.

ಎಚ್ಚರಿಕೆ: ಪ್ರೈಮರಿ ಐಡಿಯಲ್ ಎಂದರೆ ಪ್ರೈಮ್ ಐಡಿಯಲ್‌ನ (ಅದರಲ್ಲಿ ಘಾತದ ರಿಯಾಯಿತಿ ಇಲ್ಲ, ಎರಡನೆಯ ಅಂಶವೇ ಒಳಗಿರಬೇಕು) ಘಾತ ಎಂದು ತಿಳಿಯಬೇಡಿ. ಪೂರ್ಣಾಂಕಗಳಲ್ಲಿ ಅದು ನಿಜವಾದ್ದರಿಂದ ಈ ಭ್ರಮೆ ಬಹಳ ಗಟ್ಟಿಯಾಗಿ ಕೂತುಬಿಡುತ್ತದೆ. (ಯ, ವ²) ಪ್ರೈಮರಿ ಹೌದು, ಆದರೆ ಯಾವ ಪ್ರೈಮ್ ಐಡಿಯಲ್‌ನ ಘಾತವೂ ಅಲ್ಲ. ಉಲ್ಟಾ ದಿಕ್ಕಿನಲ್ಲೂ ಇದೇ ಕಥೆ: ಮ್ಯಾಕ್ಸಿಮಲ್ ಐಡಿಯಲ್‌ನ ಘಾತಗಳು ಯಾವಾಗಲೂ ಪ್ರೈಮರಿಯೇ, ಆದರೆ ಬೇರೆ ಪ್ರೈಮ್ ಐಡಿಯಲ್ಲುಗಳ ಘಾತಗಳ ಬಗ್ಗೆ ಆ ಭರವಸೆ ಇಲ್ಲ. ಯವ = ಜ² ಎಂಬ ಸಂಬಂಧವುಳ್ಳ ಮೂರು ಚರಾಕ್ಷರಗಳ ರಿಂಗಿನಲ್ಲಿ (ಯ, ಜ) ಪ್ರೈಮ್ ಐಡಿಯಲ್; ಅದರ ವರ್ಗದಲ್ಲಿ ಯವ ಇದೆ, ಯ ಇಲ್ಲ, ವ-ದ ಯಾವ ಘಾತವೂ ಇಲ್ಲ.

2. ಮೆಟ್ಟಿಲು ಬರೆದು ಲೆಂಗ್ತ್ ಎಣಿಸಿ

ರ/ಪ-ಯ ಗಾತ್ರವನ್ನು ಅಳೆಯುವ ಅಳತೆಗೆ ಲೆಂಗ್ತ್ ಎನ್ನುತ್ತಾರೆ: ಅದರ ಒಳಗೆ ಒಂದರೊಳಗೊಂದು ಕೂರುವ ಉಪಮಾಡ್ಯೂಲ್‌ಗಳ ಸರಪಳಿಯನ್ನು, ನಡುವೆ ಇನ್ನೊಂದಕ್ಕೆ ಜಾಗವಿಲ್ಲದಂತೆ ಕಟ್ಟಿದಾಗ, ಆ ಸರಪಳಿಯಲ್ಲಿ ಎಷ್ಟು ನೆಗೆತಗಳಿವೆಯೋ ಅದೇ ಲೆಂಗ್ತ್. ವ್ಯಾಖ್ಯೆ ಹೆದರಿಸುವಂತಿದ್ದರೂ, ಏಕಪದಗಳ ಐಡಿಯಲ್ ಆದಾಗ ಲೆಂಗ್ತ್ ಎಂದರೆ ಐಡಿಯಲ್‌ನ ಹೊರಗೆ ಉಳಿದ ಏಕಪದಗಳ ಸಂಖ್ಯೆ, ಅಷ್ಟೇ.

ನೋಟ್‌ಬುಕ್ ತೆರೆಯಿರಿ. ಎಡದಿಂದ ಬಲಕ್ಕೆ ಯ-ಯ ಘಾತಾಂಕ, ಕೆಳಗಿನಿಂದ ಮೇಲಕ್ಕೆ ವ-ದ ಘಾತಾಂಕ; ಪ್ರತಿ ಚೌಕ ಒಂದು ಏಕಪದ, ಎಡ ಮೂಲೆಯ ಕೆಳಚೌಕ 1. ಪ = (ಯ³, ಯವ, ವ³) ಎಂದುಕೊಳ್ಳಿ. ಈ ಮೂರು ಜನಕಗಳ ಚೌಕಗಳನ್ನು ಗುರುತಿಸಿ, ಪ್ರತಿಯೊಂದರ ಬಲಕ್ಕೂ ಮೇಲಕ್ಕೂ ಇರುವುದನ್ನೆಲ್ಲ ಪೆನ್ಸಿಲಿನಿಂದ ಗೀಚಿ ಮುಚ್ಚಿ. ಉಳಿದ ಬಿಳಿ ಚೌಕಗಳು ಹಂಪಿಯ ಪುಷ್ಕರಣಿಯ ಮೆಟ್ಟಿಲನ್ನು ಪಕ್ಕದಿಂದ ನೋಡಿದಂತೆ ಕಾಣುತ್ತವೆ. ಕೆಳಗಿನ ಸಾಲಿನಲ್ಲಿ 1, ಯ, ಯ² ಎಂದು ಮೂರು. ಎರಡನೆಯ ಸಾಲಿನಲ್ಲಿ ವ ಒಂದೇ. ಮೂರನೆಯದರಲ್ಲಿ ವ² ಒಂದೇ. ಒಟ್ಟು ಲೆಂಗ್ತ್ 5.

ಎಚ್ಚರಿಕೆ: ಲೆಂಗ್ತ್ ಎಂದರೆ ಅಂಶಗಳ ಸಂಖ್ಯೆಯೂ ಅಲ್ಲ, ಯಾವಾಗಲೂ ವೆಕ್ಟರ್ ಸ್ಪೇಸ್‌ನ ಡೈಮೆನ್ಶನ್ ಕೂಡ ಅಲ್ಲ. ಛೇದವನ್ನು 5 ಭಾಗಿಸದ ಭಿನ್ನರಾಶಿಗಳ ಲೋಕಲ್ ರಿಂಗನ್ನು ತೆಗೆದುಕೊಂಡು 25ರಿಂದ ಕೋಶಂಟ್ ಮಾಡಿದರೆ ಅಂಶಗಳು ಇಪ್ಪತ್ತೈದು, ಲೆಂಗ್ತ್ ಎರಡೇ. ವಾಸ್ತವ ಸಂಖ್ಯೆಗಳ ಮೇಲಿನ ಒಂದು ಚರಾಕ್ಷರದ ಬಹುಪದೋಕ್ತಿ ರಿಂಗನ್ನು ಯ² + 1 ಇರುವಲ್ಲಿ ಲೋಕಲ್ ಮಾಡಿ, ಅದರಿಂದಲೇ ಕೋಶಂಟ್ ಮಾಡಿದರೆ ವಾಸ್ತವ ಸಂಖ್ಯೆಗಳ ಮೇಲೆ ಡೈಮೆನ್ಶನ್ ಎರಡು, ಲೆಂಗ್ತ್ ಒಂದು. ರ/ಮ ಎಂಬ ಫೀಲ್ಡ್ ಯಾವುದೆಂದು ಮೊದಲು ನೋಡಿಕೊಳ್ಳಿ. ಚೌಕ ಎಣಿಸುವ ವಿಧಾನ ನಡೆಯುವುದು ಸಹಗುಣಕಗಳ ಫೀಲ್ಡೇ ರ/ಮ ಆಗಿರುವಾಗ.

3. ಘಾತಗಳನ್ನು ಮಾಡಿ, ಪಟ್ಟಿ ಬರೆಯಿರಿ

ಈಗ ಪ², ಪ³ಗಳಿಗೂ ಇದೇ ಎಣಿಕೆ. ಪ² ಬೇಕಾದರೆ ಜನಕಗಳನ್ನು ಎರಡೆರಡಾಗಿ ಗುಣಿಸಿ. ಒಂದು ಜನಕವನ್ನು ಅದರಿಂದಲೇ ಗುಣಿಸುವುದನ್ನು ಮರೆಯಬೇಡಿ. ನಮ್ಮ ಉದಾಹರಣೆಯಲ್ಲಿ ಯ⁶, ಯ⁴ವ, ಯ³ವ³, ಯ²ವ², ಯವ⁴, ವ⁶ ಬರುತ್ತವೆ. ಇವುಗಳಲ್ಲಿ ಯ³ವ³ ಅನಗತ್ಯ, ಯ²ವ² ಅದನ್ನು ಆಗಲೇ ಮುಚ್ಚಿದೆ. ಮೆಟ್ಟಿಲನ್ನು ಸಾಲು ಸಾಲಾಗಿ ಎಣಿಸಿದರೆ 6, 4, 2, 2, 1, 1, ಒಟ್ಟು 16. ಪ³ಕ್ಕೆ ಸಾಲುಗಳು 9, 7, 5, 3, 3, 2, 2, 1, 1, ಒಟ್ಟು 33.

ರ/ಪ^ನ-ದ ಲೆಂಗ್ತನ್ನು ಲ(ನ) ಎಂದು ಬರೆಯೋಣ. ಹಾಗಾದರೆ ಲ(1) = 5, ಲ(2) = 16, ಲ(3) = 33. ಪಕ್ಕಪಕ್ಕದ ಬೆಲೆಗಳ ವ್ಯತ್ಯಾಸ, ಎಂದರೆ ಪ^ನ/ಪ^(ನ+1)-ರ ಲೆಂಗ್ತ್, ಹಿಲ್ಬರ್ಟ್ ಫಂಕ್ಷನ್; ಅದನ್ನು ಹ(ನ) ಎನ್ನೋಣ: ಹ(0) = 5, ಹ(1) = 11, ಹ(2) = 17. ಲ(ನ)ವನ್ನು ಹಿಲ್ಬರ್ಟ್–ಸ್ಯಾಮ್ಯುಯೆಲ್ ಫಂಕ್ಷನ್ ಎನ್ನುತ್ತಾರೆ. ಶ್ರೇಣೀಕೃತ ರಿಂಗುಗಳಲ್ಲಿ (ಅಂಶಗಳನ್ನು ಡಿಗ್ರಿವಾರು ತುಂಡುಗಳಾಗಿ ವಿಂಗಡಿಸಬಹುದಾದ ರಿಂಗುಗಳಲ್ಲಿ) ಇಂಥ ಎಣಿಕೆ ಕೊನೆಗೆ ಬಹುಪದೋಕ್ತಿಯಾಗುತ್ತದೆಂದು ಡೇವಿಡ್ ಹಿಲ್ಬರ್ಟ್ ತೋರಿಸಿದ್ದು 1890ರಲ್ಲಿ. ಪಿಯೇರ್ ಸ್ಯಾಮ್ಯುಯೆಲ್ 1951ರಲ್ಲಿ ಅದನ್ನು ಲೋಕಲ್ ರಿಂಗಿನ ಮ-ಪ್ರೈಮರಿ ಐಡಿಯಲ್ಲುಗಳ ಮಲ್ಟಿಪ್ಲಿಸಿಟಿಗೆ ಅಡಿಪಾಯವಾಗಿಸಿದರು.

ಪುಸ್ತಕದಿಂದ ಪುಸ್ತಕಕ್ಕೆ ಇಲ್ಲಿ ಒಂದು ಗೊಂದಲವಿದೆ. ಕೆಲವರು ಲ(ನ) ಎಂದರೆ ರ/ಪ^(ನ+1)-ರ ಲೆಂಗ್ತ್ ಎಂದು ತೆಗೆದುಕೊಳ್ಳುತ್ತಾರೆ. ನಮ್ಮ ಉತ್ತರ 3ನ² + 2ನ ಎಂದು ಬಂದರೆ ಅವರ ಉತ್ತರ 3ನ² + 8ನ + 5 ಆಗಿರುತ್ತದೆ. ಎರಡೂ ಸರಿ. ಆದರೆ ಪರೀಕ್ಷೆಯಲ್ಲಿ ಯಾವ ಪದ್ಧತಿ ಎಂದು ಉತ್ತರದ ಮೊದಲ ಸಾಲಿನಲ್ಲೇ ಬರೆಯದಿದ್ದರೆ ಅಂಕ ಹೋಗುತ್ತದೆ, ಮತ್ತು ಅದಕ್ಕೆ ಮೌಲ್ಯಮಾಪಕರನ್ನು ದೂರುವಂತಿಲ್ಲ.

4. ವ್ಯತ್ಯಾಸದ ವ್ಯತ್ಯಾಸ ತೆಗೆಯಿರಿ

ಪ್ರಮೇಯ ಹೇಳುವುದಿಷ್ಟು: ನ ಸಾಕಷ್ಟು ದೊಡ್ಡದಾದಾಗ ಲ(ನ) ಒಂದು ಬಹುಪದೋಕ್ತಿಯೊಂದಿಗೆ ಕೂಡಿಕೊಳ್ಳುತ್ತದೆ, ಅದರ ಡಿಗ್ರಿ ರಿಂಗಿನ ಡೈಮೆನ್ಶನ್‌ಗೆ (ಒಂದರೊಳಗೊಂದು ಕೂರುವ ಪ್ರೈಮ್ ಐಡಿಯಲ್ಲುಗಳ ಅತಿ ಉದ್ದದ ಸರಪಳಿಯಲ್ಲಿನ ನೆಗೆತಗಳ ಸಂಖ್ಯೆಗೆ) ಸಮ. ಎರಡು ಚರಾಕ್ಷರಗಳ ಘಾತಶ್ರೇಣಿ ರಿಂಗಿನ ಡೈಮೆನ್ಶನ್ ಎರಡು, ಹಾಗಾಗಿ ಎರಡು ಸಲ ವ್ಯತ್ಯಾಸ ತೆಗೆದರೆ ಕೊನೆಗೆ ಬದಲಾಗದ ಒಂದು ಸಂಖ್ಯೆ ಉಳಿಯುತ್ತದೆ. ಆ ಸಂಖ್ಯೆಯೇ ಮಲ್ಟಿಪ್ಲಿಸಿಟಿ. 5, 11, 17ರ ವ್ಯತ್ಯಾಸ 6, 6. ಮಲ್ಟಿಪ್ಲಿಸಿಟಿ 6, ಬಹುಪದೋಕ್ತಿ 3ನ² + 2ನ.

ಲೆಂಗ್ತ್ 5, ಮಲ್ಟಿಪ್ಲಿಸಿಟಿ 6 ಎಂಬುದನ್ನು ಗಮನಿಸಿ. ಎರಡೂ ಒಂದೇ ಎಂದು ಬರೆಯುವವರು ಪ್ರತಿ ತಂಡದಲ್ಲೂ ಇರುತ್ತಾರೆ. ಇಂಥ ಒಳ್ಳೆಯ ರಿಂಗಿನಲ್ಲಿ ಐಡಿಯಲ್‌ನ ಜನಕಗಳ ಸಂಖ್ಯೆ ಡೈಮೆನ್ಶನ್‌ನಷ್ಟೇ ಇದ್ದಾಗ, ಉದಾಹರಣೆಗೆ (ಯ², ವ³) ಎಂದಿದ್ದಾಗ, ಅವೆರಡೂ ಒಂದಾಗುತ್ತವೆ. ಜನಕ ಹೆಚ್ಚಿದರೆ ಆ ಸಮತೆ ಕೆಡುತ್ತದೆ.

5. ಬಹುಪದೋಕ್ತಿ ಎಲ್ಲಿಂದ ಶುರುವಾಯಿತೆಂದು ಖಾತ್ರಿ ಮಾಡಿಕೊಳ್ಳಿ

ಉಳಿದೆಲ್ಲ ಹಂತಗಳಿಗಿಂತ ಹೆಚ್ಚು ಹೊತ್ತನ್ನು ನೀವು ಕೊಡಬೇಕಾದದ್ದು ಇದಕ್ಕೆ. “ಸಾಕಷ್ಟು ದೊಡ್ಡದಾದಾಗ” ಎಂಬ ಎರಡು ಪದಗಳನ್ನು ಓದುವಾಗ ಎಲ್ಲರೂ ಹಾರಿಸಿಬಿಡುತ್ತೇವೆ. ನಾನೂ ವಿದ್ಯಾರ್ಥಿಯಾಗಿದ್ದಾಗ ಹಾರಿಸಿ, ತುಂಬಿದ ತರಗತಿಯ ಎದುರು ಬೋರ್ಡಿನ ಮೇಲೆ 17 ಎಂದು ಬರೆದು ಬಂದವನು.

ಆ ಐಡಿಯಲ್ ಇದು: ಪ = (ಯ⁴, ಯ³ವ, ಯವ³, ವ⁴). ನಾಲ್ಕನೆಯ ಡಿಗ್ರಿಯ ಏಕಪದಗಳಲ್ಲಿ ಯ²ವ² ಒಂದು ಮಾತ್ರ ಇದರಲ್ಲಿಲ್ಲ. ಮೆಟ್ಟಿಲು ಬರೆದರೆ ಲ(1) = 11. ಪ² ಮಾಡುವಾಗ ಒಂದು ಚಮತ್ಕಾರ ನಡೆಯುತ್ತದೆ: ಕಾಣೆಯಾಗಿದ್ದ ಏಕಪದ ಎಣಿಕೆಗೇ ಬರದಂತೆ, ಎಂಟನೆಯ ಡಿಗ್ರಿಯ ಎಲ್ಲ ಏಕಪದಗಳೂ ಸಿಕ್ಕಿಬಿಡುತ್ತವೆ. ಯ⁴ವ⁴ ಬೇಕೆಂದರೆ ಯ³ವ ಮತ್ತು ಯವ³ಗಳನ್ನು ಗುಣಿಸಿದರೆ ಸಾಕು. ಹಾಗಾಗಿ ಎರಡನೆಯ ಘಾತದಿಂದ ಮುಂದೆ ಪ^ನ ಎಂದರೆ ಮ^(4ನ) ತಾನೇ; ಲ(ನ) = 8ನ² + 2ನ. ಪಟ್ಟಿ ಹೀಗಿದೆ: 11, 36, 78, 136, 210. ಮೊದಲ ವ್ಯತ್ಯಾಸಗಳು 25, 42, 58, 74. ಎರಡನೆಯವು 17, 16, 16.

ಮೊದಲ ಮೂರು ಬೆಲೆಗಳನ್ನು ನಂಬಿದವನಿಗೆ 17 ಸಿಗುತ್ತದೆ. ಲ(0) = 0 ಎಂಬುದನ್ನೂ ಸೇರಿಸಿಕೊಂಡು ಜಾಣತನ ಮಾಡಿದವನಿಗೆ 11, 25ರ ವ್ಯತ್ಯಾಸವಾಗಿ 14 ಸಿಗುತ್ತದೆ. ಸರಿಯುತ್ತರ 16. ಬಹುಪದೋಕ್ತಿಗೆ ನ = 1 ಹಾಕಿದರೆ 10 ಬರುತ್ತದೆ, ನಿಜವಾದ ಎಣಿಕೆ 11; ಕಾಣೆಯಾದ ಆ ಒಂದೇ ಏಕಪದ ಇಷ್ಟೆಲ್ಲ ಕಿತಾಪತಿ ಮಾಡಿದ್ದು.

ಹಾಗಾದರೆ ಪಟ್ಟಿ ಎಲ್ಲಿಗೆ ನಿಲ್ಲಿಸಬೇಕು? ಇನ್ನೆರಡು ಬೆಲೆ ಎಣಿಸಿ ನೋಡುವುದು ಅಭ್ಯಾಸವಾಗಿ ಒಳ್ಳೆಯದೇ, ಆದರೆ ಸಾಧನೆಯಲ್ಲ. ಸಾಧನೆ ಬೇಕಿದ್ದರೆ ರಿಡಕ್ಷನ್ ಹುಡುಕಿ. ಪ ಒಳಗಿನ ಒಂದು ಚಿಕ್ಕ ಐಡಿಯಲ್ ಜ ಎಂಬುದು, ಯಾವುದಾದರೊಂದು ನ-ಗೆ ಜ·ಪ^ನ = ಪ^(ನ+1) ಆಗುವಂತಿದ್ದರೆ, ಪ-ಯ ರಿಡಕ್ಷನ್; ಎರಡರ ಮಲ್ಟಿಪ್ಲಿಸಿಟಿಯೂ ಒಂದೇ. ಜ-ಗೆ ಎರಡೇ ಜನಕಗಳಿದ್ದರೆ ಅದರ ಮಲ್ಟಿಪ್ಲಿಸಿಟಿ ಅದರ ಲೆಂಗ್ತೇ ಆಗಿಬಿಡುತ್ತದೆ, ಕೆಲಸ ಮುಗಿಯಿತು. ಇಲ್ಲಿ ಜ = (ಯ⁴, ವ⁴) ಹಿಡಿಯಿರಿ. ಜ·ಪ ಮಾಡಿದರೆ ಯ⁶ವ² ಮತ್ತು ಯ²ವ⁶ ಸಿಗುವುದಿಲ್ಲ, ಆದರೆ ಜ·ಪ² ಮಾಡಿದಾಗ ಹನ್ನೆರಡನೆಯ ಡಿಗ್ರಿಯ ಎಲ್ಲವೂ ಸಿಗುತ್ತವೆ. ಜ-ಯ ಲೆಂಗ್ತ್ ನಾಲ್ಕು ನಾಲ್ಕಲೆ ಹದಿನಾರು.

ಎಚ್ಚರಿಕೆ: ಶುದ್ಧ ಘಾತಗಳೆರಡನ್ನು ಎತ್ತಿಕೊಂಡರೆ ಯಾವಾಗಲೂ ರಿಡಕ್ಷನ್ ಆಗುತ್ತದೆಂದು ಭಾವಿಸಬೇಡಿ. ಮೊದಲಿನ (ಯ³, ಯವ, ವ³)ಕ್ಕೆ (ಯ³, ವ³) ಹಿಡಿದರೆ 9 ಬರುತ್ತದೆ, ಅದು ತಪ್ಪು. ಯವ ಎಂಬ ಚೌಕ ಆ ಎರಡು ಮೂಲೆಗಳನ್ನು ಸೇರಿಸುವ ಗೆರೆಯ ಕೆಳಗೆ ಬೀಳುವುದರಿಂದ ಅದು ರಿಡಕ್ಷನ್ ಅಲ್ಲವೇ ಅಲ್ಲ. ಅಲ್ಲಿ ಸರಿಯಾದದ್ದು (ಯ³ + ವ³, ಯವ); ಅದರಿಂದ ಪ-ಯನ್ನು ಗುಣಿಸಿದರೆ ಒಂದೇ ಸಲಕ್ಕೆ ಪ² ಸಿಗುತ್ತದೆ, ಲೆಂಗ್ತ್ 6.

ಒಂದೇ ಸಲಕ್ಕೆ ಸಿಗುವುದರಲ್ಲಿ ಒಂದು ಲಾಭವಿದೆ. ಡೈಮೆನ್ಶನ್ ಎರಡರಲ್ಲಿ ಬಹುಪದೋಕ್ತಿಯನ್ನು ಅ·ನ(ನ+1)/2 − ಬ·ನ + ಸ ಎಂಬ ರೂಪದಲ್ಲಿ ಬರೆಯುವುದು ವಾಡಿಕೆ. ಅ ಎಂಬುದು ಮಲ್ಟಿಪ್ಲಿಸಿಟಿ. ಕೊಹೆನ್–ಮೆಕಾಲೆ ರಿಂಗುಗಳಲ್ಲಿ (ನಾಲ್ಕನೆಯ ಹಂತದಲ್ಲಿ “ಒಳ್ಳೆಯ ರಿಂಗ್” ಎಂದದ್ದು ಈ ಬಗೆಯದನ್ನೇ), ನಮ್ಮ ಘಾತಶ್ರೇಣಿ ರಿಂಗ್ ಅಂಥದ್ದೇ, ಬ ಎಂಬುದು ಅ − ಲ(1)ಕ್ಕಿಂತ ಕಡಿಮೆಯಾಗಲಾರದೆಂದು ನಾರ್ತ್‌ಕಾಟ್ 1960ರಲ್ಲಿ ತೋರಿಸಿದರು. ಎರಡೂ ಸಮವಾಗುವುದು ಜ·ಪ = ಪ² ಆದಾಗ ಮಾತ್ರ, ಮತ್ತು ಆಗ ಬಹುಪದೋಕ್ತಿ ನ = 1ರಿಂದಲೇ ಸರಿಹೊಂದುತ್ತದೆ. ಮೊದಲ ಉದಾಹರಣೆಯಲ್ಲಿ ಬ = 1, 6 − 5 = 1; ಸಮ. ಎರಡನೆಯದರಲ್ಲಿ ಬ = 6, 16 − 11 = 5; ಸಮವಲ್ಲ, ಹಾಗಾಗಿ ಮೊದಲ ಹೆಜ್ಜೆಯಲ್ಲಿಯೇ ಎಡವಿದ್ದು. ನಿಮ್ಮ ಬ ಈ ಮಿತಿಗಿಂತ ಕೆಳಗೆ ಬಂದರೆ ಎಲ್ಲೋ ಚೌಕ ತಪ್ಪಾಗಿ ಎಣಿಸಿದ್ದೀರಿ, ಹಿಂದಕ್ಕೆ ಹೋಗಿ.

6. ರಿಂಗ್ ಅಷ್ಟು ಸಾಧುವಲ್ಲದಿದ್ದಾಗ

ಡೈಮೆನ್ಶನ್ ಒಂದರ ಒಂದು ಉದಾಹರಣೆ ಸಾಕು. ತ ಎಂಬ ಒಂದೇ ಚರಾಕ್ಷರದ ತ⁴, ತ⁵, ತ¹¹ ಇವುಗಳಿಂದ ಕಟ್ಟಿದ ಘಾತಶ್ರೇಣಿಗಳ ರಿಂಗನ್ನು ತೆಗೆದುಕೊಳ್ಳಿ. ಪ ಎಂಬುದು ಮ ಐಡಿಯಲ್ಲೇ ಇರಲಿ. 4, 5, 11 ರೂಪಾಯಿಯ ನಾಣ್ಯಗಳು ಮಾತ್ರ ಇರುವ ಸಂತೆ ಎಂದುಕೊಳ್ಳಿ. ಮ ಒಳಗಿನ ಘಾತಾಂಕಗಳು ಒಂದಾದರೂ ನಾಣ್ಯ ಕೊಟ್ಟು ತೆರಬಹುದಾದ ಮೊತ್ತಗಳು: 4, 5, 8 ಮತ್ತು ಅಲ್ಲಿಂದ ಮುಂದೆ ಎಲ್ಲವೂ. ಮ²ಕ್ಕೆ ಕನಿಷ್ಠ ಎರಡು ನಾಣ್ಯ ಬೇಕು: 8, 9, 10, ಆಮೇಲೆ 12ರಿಂದ ಎಲ್ಲವೂ, 11 ಇಲ್ಲ. ಮ³ಕ್ಕೆ 12ರಿಂದ ಎಲ್ಲವೂ, ಮ⁴ಕ್ಕೆ 16ರಿಂದ ಎಲ್ಲವೂ. ಹಾಗಾಗಿ ಹ(0), ಹ(1), ಹ(2), ಹ(3) ಕ್ರಮವಾಗಿ 1, 3, 3, 4. ಮುಂದೆ 4 ಆಗಿಯೇ ಉಳಿಯುತ್ತದೆ. ಮಲ್ಟಿಪ್ಲಿಸಿಟಿ 4.

3, 3 ಎಂದು ಎರಡು ಸಲ ಬಂದದ್ದನ್ನು ಕಂಡು “ನಿಂತಿತು” ಎಂದು ಪೆನ್ನು ಕೆಳಗಿಟ್ಟವರು ಬಹಳ ಜನ. ತ⁴ ಮತ್ತು ತ¹¹ ಎರಡು ನಾಣ್ಯಗಳ ಮೊತ್ತ 15. ಅದನ್ನೇ ಮೂರು ಐದು ರೂಪಾಯಿಗಳಲ್ಲೂ ಕೊಡಬಹುದು, ಎಂದರೆ ಆ ಗುಣಲಬ್ಧ ಮ²ದಲ್ಲಿ ನಿಲ್ಲದೆ ಮ³ಕ್ಕೆ ಜಾರುತ್ತದೆ. ನಡುವಿನ ಆ ತಡವರಿಕೆಗೆ ಕಾರಣ ಈ ಜಾರುವಿಕೆ.

7. ಯಂತ್ರದ ನೆರವು ಪಡೆಯುವುದಾದರೆ

ಜನಕಗಳು ಏಕಪದಗಳಲ್ಲದಿದ್ದರೆ ಕೈಲೆಕ್ಕ ಬೇಗ ಸಾಕಾಗುತ್ತದೆ. ಸಿಂಗುಲರ್, ಮೆಕಾಲೆ2 ಎಂಬ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಸಿಂಗುಲರ್ ಬಳಸುವಾಗ ಎರಡು ಸಂಗತಿ ನೆನಪಿರಲಿ. ಮೊದಲನೆಯದು, ರಿಂಗನ್ನು ಘೋಷಿಸುವಾಗ ಡಿಪಿ ಎಂಬ ಕ್ರಮವನ್ನಲ್ಲ, ಡಿಎಸ್ ಎಂಬ ಲೋಕಲ್ ಕ್ರಮವನ್ನು ಕೊಡಿ. (ಯ² − ಯ, ವ) ಐಡಿಯಲ್‌ಗೆ ಬಹುಪದೋಕ್ತಿ ರಿಂಗಿನಲ್ಲಿ ಲೆಂಗ್ತ್ ಎರಡು. ಮೂಲಬಿಂದುವಿನ ಲೋಕಲ್ ರಿಂಗಿನಲ್ಲಿ ಯ − 1ಕ್ಕೆ ವಿಲೋಮ ಇರುವುದರಿಂದ ಅದು (ಯ, ವ) ಆಗಿ ಕುಗ್ಗಿ ಲೆಂಗ್ತ್ ಒಂದಾಗುತ್ತದೆ. ಕ್ರಮ ತಪ್ಪಿದರೆ ಯಂತ್ರ ಬೇರೆಯದೇ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟು ಸುಮ್ಮನಿರುತ್ತದೆ. ಎರಡನೆಯದು, ಮಲ್ಟ್ ಎಂಬ ಆಜ್ಞೆಗೆ ಪ-ಯನ್ನು ಕೊಟ್ಟರೆ ಸಿಗುವುದು ರ/ಪ ಎಂಬ ಕೋಶಂಟ್‌ನ ಮಲ್ಟಿಪ್ಲಿಸಿಟಿ, ನಮ್ಮ ಮೊದಲ ಉದಾಹರಣೆಯಲ್ಲಿ 5. ನಿಮಗೆ ಬೇಕಾದ 6 ಅಲ್ಲ. ಆದ್ದರಿಂದ ಪ-ಯ ಘಾತಗಳನ್ನು ಮಾಡಿ, ಪ್ರತಿಯೊಂದಕ್ಕೂ ಎಸ್‌ಟಿಡಿ (ಸ್ಟ್ಯಾಂಡರ್ಡ್ ಬೇಸಿಸ್ ತೆಗೆಯುವ ಆಜ್ಞೆ), ಆಮೇಲೆ ವಿಡಿಮ್ (ಕೋಶಂಟ್‌ನ ಡೈಮೆನ್ಶನ್ ಎಣಿಸುವ ಆಜ್ಞೆ) ಕೊಟ್ಟು ಪಟ್ಟಿ ತೆಗೆದು, ನಾಲ್ಕನೆಯ ಮತ್ತು ಐದನೆಯ ಹಂತಗಳನ್ನು ನೀವೇ ಮಾಡಿ.

ಅಭ್ಯಾಸಕ್ಕೆ (ಯ², ಯವ², ವ³) ತೆಗೆದುಕೊಳ್ಳಿ. ಮೆಟ್ಟಿಲಿನ ಸಾಲುಗಳು 2, 2, 1. ಪ²ದ ಸಾಲುಗಳು 4, 4, 3, 2, 2, 1 ಬರಬೇಕು, ಮತ್ತು ಇಲ್ಲಿ ಶುದ್ಧ ಘಾತಗಳಾದ (ಯ², ವ³) ರಿಡಕ್ಷನ್ ಆಗಿ ಒದಗುತ್ತವೆ. ಬಹುಪದೋಕ್ತಿಯನ್ನು ಬರೆದ ಮೇಲೆ ಮೂರನೆಯ ಹಂತದ ಉತ್ತರದ ಪಕ್ಕದಲ್ಲಿಟ್ಟು ನೋಡಿ: ಎರಡು ಬೇರೆ ಬೇರೆ ಮೆಟ್ಟಿಲುಗಳಿಂದ ಬಂದದ್ದು ಅದೇ 3ನ² + 2ನ.